ಭಾವ ಮಾಡಿದ ವೈರು

ನಾನು ಪಾಂಡವಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಮೇಷ್ಟ್ರು. ಮನೆ ಶ್ರೀರಂಗಪಟ್ಟಣದ ಗಂಜಾಂನಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತೇನೆ, ಸಂಜೆ ಬರುತ್ತೇನೆ. ಓದಿದ್ದು ಬಿ.ಎ., ಅದರ ಮೇಲೆ ಮೈಸೂರಿನಲ್ಲಿ ಆರು ತಿಂಗಳ ಒಂದು ಕೋರ್ಸು. ಪುಸ್ತಕದಲ್ಲಿ ಇರುವುದನ್ನು ಬೋರ್ಡಿನ ಮೇಲೆ ಬಿಡಿಸಿ ಹೇಳುವುದರಲ್ಲಿ ನನ್ನನ್ನು ಯಾರೂ ಮೀರಿಸಲಾರರು. ಆದರೆ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಒಳಗೆ ಕೈ ಹಾಕು ಅಂದರೆ ಇವತ್ತಿಗೂ ಎದೆ ಡವಡವ ಅನ್ನುತ್ತದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನೆಂಟರಿಷ್ಟರಲ್ಲಿ ನಾನು 'ಕಂಪ್ಯೂಟರ್ ಗೊತ್ತಿರೋನು'. ಮೊಬೈಲು ನಿಂತರೂ ನನ್ನನ್ನೇ ಕೇಳುತ್ತಾರೆ, ಟೀವಿಯಲ್ಲಿ ಚಿತ್ರ ಹೋದರೂ ನನ್ನನ್ನೇ ಕೇಳುತ್ತಾರೆ. ನಾನೂ ಏನಾದರೊಂದು ಹೇಳುತ್ತೇನೆ. ಗೊತ್ತಿಲ್ಲ ಅಂತ ಹೇಳಿದ ನೆನಪು ನನಗಿಲ್ಲ.

ನನ್ನ ಅಕ್ಕನನ್ನು ಕೊಟ್ಟಿರುವುದು ಕೆ.ಆರ್.ಪೇಟೆ ತಾಲ್ಲೂಕಿನ ಶೀಳನೆರೆಗೆ. ಭಾವ ಕರೆಂಟಿನ ಲೈನ್‌ಮನ್ ಆಗಿದ್ದವರು. ಬಹಳ ವರ್ಷ ನಾಗಮಂಗಲದ ಕಡೆ ಕಂಬ ಹತ್ತಿ, ಅಲ್ಲಿಯೇ ನಿವೃತ್ತರಾಗಿ ಊರಿಗೆ ಬಂದರು. ಏಳನೇ ಕ್ಲಾಸಿನವರೆಗೆ ಓದಿದವರು, ಆದರೆ ಕೈ ಅಂದರೆ ಕೈ. ಫ್ಯೂಸಿನ ಎಳೆಯನ್ನು ನೋಡದೆಯೇ ಬೆರಳಲ್ಲಿ ತಡವಿ, ಎಷ್ಟು ದಪ್ಪ ಅಂತ ಹೇಳುತ್ತಿದ್ದರು. ನನ್ನ ಮದುವೆಯ ಹಿಂದಿನ ದಿನ ಚಪ್ಪರದ ಲೈಟುಗಳು ಒಟ್ಟಿಗೆ ಆರಿಹೋದಾಗ, ಪಂಚೆ ಮೇಲೆ ಕಟ್ಟಿಕೊಂಡು ಬರಿಗಾಲಲ್ಲಿ ಗೋಡೆ ಹತ್ತಿ ಹತ್ತು ನಿಮಿಷದಲ್ಲಿ ಬೆಳಕು ಕೊಟ್ಟಿದ್ದು ಅವರೇ. ಊರಿಗೆ ಬಂದ ಮೇಲೂ ಯಾರ ಮನೆಯ ಫ್ಯಾನು ನಿಂತರೂ, ಯಾರ ಮೋಟಾರು ಕೂಗದಿದ್ದರೂ ಭಾವನನ್ನೇ ಕರೆಯುತ್ತಿದ್ದರು. ಅವರು ಹೋಗಿ ಸರಿಮಾಡಿ, ಒಂದು ಲೋಟ ಕಾಫಿ ಕುಡಿದು ಬರುತ್ತಿದ್ದರು. ಅಷ್ಟಕ್ಕೇ ಅವರಿಗೆ ದಿನ ತುಂಬುತ್ತಿತ್ತು.

ಅಕ್ಕ ರವಿಕೆ ಹೊಲಿಯುತ್ತಾಳೆ. ಭಾವ ನಾಗಮಂಗಲದಲ್ಲಿ ಕೋಣೆ ಮಾಡಿಕೊಂಡು ವಾರಕ್ಕೊಮ್ಮೆ ಬರುತ್ತಿದ್ದ ಕಾಲದಲ್ಲಿ ಹೊತ್ತು ಹೋಗಲಿ ಅಂತ ಕಲಿತದ್ದು, ಆಮೇಲೆ ಹೋಬಳಿಯ ಮದುಮಕ್ಕಳೆಲ್ಲ ಅವಳ ಹತ್ತಿರವೇ ಬರುವ ಹಾಗಾಯಿತು. ಹೊಲಿದ ಪ್ರತಿ ರವಿಕೆಯನ್ನೂ ಅವಳು ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿಡುತ್ತಿದ್ದಳು. ಪಕ್ಕದಲ್ಲೇ ಅಳತೆ. ಐದು ವರ್ಷದ ಮೇಲೆ ಯಾರೋ ಬಂದು, "ನಮ್ಮಕ್ಕನ ಮದ್ವೇಲಿ ಬೆನ್ಗೆ ನವಿಲು ಹಾಕ್ಕೊಟ್ಟಿದ್ರಲ್ಲ, ಅಂತದ್ದೇ ಬೇಕು" ಅಂದರೆ ಅಕ್ಕ ಎರಡು ನಿಮಿಷದಲ್ಲಿ ಆ ನವಿಲನ್ನು ಹುಡುಕಿ ತೋರಿಸುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಗುಡುಗು ಸಿಡಿಲಿನ ಮಳೆ ಬಂದು ಆ ಹಳೆಯ ಕಂಪ್ಯೂಟರಿಗೆ ಏಟು ಬಿತ್ತು. ಸಾಯಲಿಲ್ಲ, ಕೀಬೋರ್ಡು ಮೌಸಿನ ಹಳೇ ಕಾಲದ ದುಂಡು ಕಿಂಡಿಗಳು ಉಳಿದವು, ಆದರೆ ಪೆನ್‌ಡ್ರೈವ್ ಚುಚ್ಚುವ ಕಿಂಡಿಗಳೆಲ್ಲ ಹೋದವು. ನಡುನಡುವೆ ತಾನಾಗಿಯೇ ಆರಿಹೋಗಲು ಶುರುವಾಯಿತು. ಭಾವ ಇನ್ನೊಂದು ಕಂಪ್ಯೂಟರು ತಂದರು. ಹಳೆಯದರಲ್ಲಿ ಇರುವುದನ್ನೆಲ್ಲ ಅದು ಪೂರ್ತಿ ಕಣ್ಣು ಮುಚ್ಚುವ ಮೊದಲು ಹೊಸದಕ್ಕೆ ದಾಟಿಸಬೇಕಿತ್ತು. ಪೆನ್‌ಡ್ರೈವ್ ಹಾಕುವಂತಿಲ್ಲ, ಮೊಬೈಲು ಜೋಡಿಸುವಂತಿಲ್ಲ. ಅಕ್ಕ ನನಗೆ ಫೋನು ಮಾಡಿದಳು.

"ಪೇಟೆಯ ಅಂಗಡಿಗೆ ತಗೊಂಡು ಹೋದ್ರೆ ಅರ್ಧ ಗಂಟೇಲಿ ಮಾಡಿಕೊಡ್ತಾರೆ" ಅಂದೆ.

"ಅದ್ರಲ್ಲಿ ಊರ ಹೆಣ್ಮಕ್ಕಳ ಫೋಟೊ ಅವೆ, ಅಳತೆ ಅವೆ. ಅಂಗ್ಡೀಲಿ ಬುಟ್ಟು ಬರಕಾಯ್ತದೇನ್ಲಾ? ನೀನು ಮೇಷ್ಟ್ರಾಗಿ ಯಾಕಿದ್ದೀಯ?"

ಹಳೆಯ ಡಬ್ಬಿ ಬಿಚ್ಚಿ, ಒಳಗಿನ ಡಿಸ್ಕ್ ತೆಗೆದು ಹೊಸದಕ್ಕೆ ಜೋಡಿಸುವುದು ಒಂದು ದಾರಿ ಅಂತ ನನಗೆ ಗೊತ್ತಿತ್ತು. ಅದನ್ನು ಹುಟ್ಟಿದಾಗಿನಿಂದ ಮಾಡಿದವನಲ್ಲ. ಹಾಗಂತ ಹೇಳುವ ಬದಲು, ಎಂಟನೇ ಕ್ಲಾಸಿನ ಪಾಠವನ್ನು ಹೇಳಿದೆ. ಎರಡು ಕಂಪ್ಯೂಟರನ್ನು ಒಂದೇ ವೈರಿನಲ್ಲಿ ನೇರವಾಗಿ ಜೋಡಿಸಬಹುದು, ಒಂದಕ್ಕೊಂದು ನಂಬರು ಕೊಟ್ಟರೆ ಆಯಿತು, ಇಲ್ಲಿಯದನ್ನು ಅಲ್ಲಿಗೆ ಎಳೆದುಕೊಳ್ಳಬಹುದು ಅಂದೆ. ಫೋನನ್ನು ಭಾವ ಕಸಿದುಕೊಂಡರು.

"ವೈರಾ? ವೈರು ನಾನ್ ಮಾಡ್ತೀನಿ ಬುಡ್ಲಾ. ನೀನು ಬಾ, ಸಾಕು."

ಅಂಗಡಿಯಲ್ಲಿ ಸಿದ್ಧ ವೈರು ಸಿಗುತ್ತದೆ ಅಂದರೂ ಕೇಳಲಿಲ್ಲ. ನಾಗಮಂಗಲಕ್ಕೆ ಹೋಗಿ, ಹಳೆಯ ಪರಿಚಯದವರ ಅಂಗಡಿಯಿಂದ ಎಂಟು ಎಳೆಯ ನೀಲಿ ವೈರು, ತುದಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ಗುಗಳು, ಅವನ್ನು ಒತ್ತುವ ಇಕ್ಕಳ ಎಲ್ಲ ತಂದರು. ವಾರವಿಡೀ ಮೊಬೈಲಿನಲ್ಲಿ ವಿಡಿಯೊ ನೋಡಿದರಂತೆ. ನಾನು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಸ್ಕೂಟರಿನಲ್ಲಿ ಚಿನಕುರಳಿ ದಾಟಿ ಶೀಳನೆರೆ ಮುಟ್ಟಿದಾಗ, ಅವರು ಜಗಲಿಯಲ್ಲಿ ಕನ್ನಡಕ ಮೂಗಿನ ತುದಿಗೆ ಇಟ್ಟುಕೊಂಡು ಆ ವೈರನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು.

"ಬಿಳಿ ಕಿತ್ಳೆ, ಕಿತ್ಳೆ, ಬಿಳಿ ಹಸ್ರು, ನೀಲಿ, ಬಿಳಿ ನೀಲಿ, ಹಸ್ರು, ಬಿಳಿ ಕಂದು, ಕಂದು" ಅಂತ ಮಗ್ಗಿಯ ಹಾಗೆ ಒಪ್ಪಿಸಿದರು. "ಸರಿಯಾ ಮೇಷ್ಟ್ರೇ?"

ಸರಿಯಾಗಿತ್ತು. ಪುಸ್ತಕ ನೋಡದೆ ನನಗೆ ಆ ಕ್ರಮ ಬಾಯಿಗೆ ಬರುತ್ತಿರಲಿಲ್ಲ. ಆದರೂ ವೈರನ್ನು ಕೈಗೆ ತೆಗೆದುಕೊಂಡು, ತುದಿಯನ್ನು ಬೆಳಕಿಗೆ ಹಿಡಿದು, ಪರೀಕ್ಷೆಯ ಪೇಪರು ನೋಡುವವನ ಹಾಗೆ ನೋಡಿ, "ಪರವಾಗಿಲ್ಲ" ಅಂದೆ.

ನಡುಮನೆಯಲ್ಲಿ ಎರಡು ಮೇಜು ಹಾಕಿ ಎರಡು ಕಂಪ್ಯೂಟರನ್ನೂ ಇಟ್ಟಿದ್ದರು. ನೋಡಲು ಹಾಲಿನ ಡೈರಿಯ ಸೆಕ್ರೆಟರಿ ಬಂದು ಕೂತಿದ್ದರು. ಡೈರಿಯಲ್ಲಿ ಹಾಲಿನ ಫ್ಯಾಟು ಅಳೆಯುವ ಯಂತ್ರದಿಂದ ಆಫೀಸಿನ ಕಂಪ್ಯೂಟರಿನವರೆಗೆ ಇಂಥದೇ ವೈರು ಎಳೆಯಬೇಕಿತ್ತು, ಕ್ಯಾಮೆರಾ ಹಾಕಿಸುವುದೂ ಇತ್ತು. ಇಲ್ಲಿ ಕೆಲಸ ಆದರೆ ಅದನ್ನು ಭಾವನಿಗೇ ಒಪ್ಪಿಸುವುದು ಅಂತ ಮಾತಾಗಿತ್ತು.

ನಾನು ವೈರಿನ ಎರಡು ತುದಿಯನ್ನೂ ಸಿಕ್ಕಿಸಿದೆ. ಟಕ್ ಅಂತ ಕೂತವು. ಹಿಂದುಗಡೆ ಕಿಂಡಿಯ ಪಕ್ಕದಲ್ಲಿ ಸಣ್ಣ ಹಸಿರು ದೀಪ ಹತ್ತಿತು. ಅದು ಹತ್ತಿದ್ದನ್ನು ನಾನು ನೋಡಿದೆ. ಇದನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಆ ದೀಪ ಹತ್ತಿದರೆ ವೈರು ಸರಿಯಿದೆ ಅಂತ ಅರ್ಥ, ಮೊದಲು ಅದನ್ನು ಬಿಟ್ಟು ಬೇರೆಯದನ್ನು ನೋಡಬೇಕು ಅಂತ ನಾನೇ ಮಕ್ಕಳಿಗೆ ಹೇಳಿಕೊಡುತ್ತೇನೆ.

ಆಮೇಲೆ ಎರಡಕ್ಕೂ ನಂಬರು ಹಾಕಿದೆ. ಮನೆಗೆ ಬಾಗಿಲು ನಂಬರು ಇದ್ದ ಹಾಗೆ ಇದು. ನಾಲ್ಕು ಭಾಗದ ನಂಬರು, ಮೊದಲ ಮೂರು ಭಾಗ ಎರಡಕ್ಕೂ ಒಂದೇ ಇರಬೇಕು, ಕೊನೆಯದು ಮಾತ್ರ ಬೇರೆ. ಬೀದಿ ಒಂದೇ, ಮನೆ ಬೇರೆ. ಹಾಕಿ, ಒಂದರಿಂದ ಇನ್ನೊಂದನ್ನು ಕರೆದೆ. ಇದಕ್ಕೆ ಪಿಂಗ್ ಅನ್ನುತ್ತಾರೆ. ಒಂದು ಯಂತ್ರ "ಇದೀಯೇನಪ್ಪ?" ಅನ್ನುತ್ತದೆ, ಇನ್ನೊಂದು "ಓ" ಅನ್ನಬೇಕು. "ಓ" ಬರಲಿಲ್ಲ. ಇನ್ನೊಮ್ಮೆ ಕರೆದೆ. ಬರಲಿಲ್ಲ.

ರಕ್ಷಣೆಯ ಪ್ರೋಗ್ರಾಮು ತಡೆಯುತ್ತಿರಬಹುದು ಅಂತ ಅದನ್ನು ಎರಡರಲ್ಲೂ ನಿಲ್ಲಿಸಿದೆ. ಆರಿಸಿ ಹಚ್ಚಿದೆ. ವೈರಿನ ತುದಿ ಅದಲುಬದಲು ಮಾಡಿದೆ. ಒಂದು ಗಂಟೆ ಹೋಯಿತು. ಸೆಕ್ರೆಟರಿ ಮೊದಮೊದಲು ಕುತೂಹಲದಿಂದ ಬಗ್ಗಿ ನೋಡುತ್ತಿದ್ದವರು ಆಮೇಲೆ ಗೋಡೆಗೆ ಒರಗಿ ಮೊಬೈಲು ನೋಡಲು ಶುರು ಮಾಡಿದರು. ಅಡುಗೆಮನೆಯಿಂದ ಕೋಳಿ ಸಾರಿನ ವಾಸನೆ ಬಂತು. ಅಕ್ಕ ಎರಡು ಸಲ ಬಂದು, "ಆಯ್ತೇನ್ಲಾ?" ಅಂದಳು. ನನ್ನ ಕತ್ತಿನ ಹಿಂದೆ ಬೆವರು ಹರಿಯುತ್ತಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನನಗೆ ಏನೂ ಗೊತ್ತಾಗುತ್ತಿಲ್ಲ ಅನ್ನುವುದು ಅವಳಿಗೆ ಗೊತ್ತಾಗಿಬಿಡುತ್ತದೆ ಅನ್ನಿಸಿ, ಎದ್ದು ನಿಂತು ವೈರನ್ನು ಕಿತ್ತೆ.

"ವೈರಿಂದೇ ತೊಂದರೆ" ಅಂದೆ. "ಒಳಗೆ ಒಂದು ಎಳೆ ಸರಿಯಾಗಿ ಕೂತಿಲ್ಲ."

ಭಾವ ಎದ್ದು ಬಂದರು. "ಎರಡು ಕಡೇನೂ ನೋಡ್ದೆ ಕಣ್ಲಾ. ಭೂತಕನ್ನಡೀಲಿ ನೋಡ್ದೆ."

"ಕಣ್ಣಿಗೆ ಕಾಣೋದಿಲ್ಲ ಭಾವ ಅದು. ಕೂದಲೆಳೆಯಷ್ಟು ಆಚೀಚೆ ಆದರೂ ಮುಗೀತು. ಒತ್ತುವಾಗ ಕೈ ಒಂಚೂರು ನಡುಗಿರಬೇಕು. ವಯಸ್ಸಾಯ್ತಲ್ಲ, ಅದು ಸಹಜ."

ಸಮಾಧಾನ ಹೇಳುವ ದನಿಯಲ್ಲಿ ಹೇಳಿದೆ. ಅವರ ತಪ್ಪನ್ನು ದೊಡ್ಡ ಮನಸ್ಸಿನಿಂದ ಮನ್ನಿಸುತ್ತಿರುವವನ ಹಾಗೆ. ಭಾವ ಬಲಗೈಯನ್ನು ಮುಂದೆ ಚಾಚಿ, ಬೆರಳು ಅಗಲಿಸಿ, ಒಂದು ಕ್ಷಣ ನೋಡಿಕೊಂಡರು. ಸೆಕ್ರೆಟರಿಯೂ ಮೊಬೈಲಿನಿಂದ ತಲೆಯೆತ್ತಿ ಆ ಕೈಯನ್ನು ನೋಡಿದರು.

ಆ ವೈರನ್ನು ಇನ್ನು ಯಾರೂ ಪರೀಕ್ಷೆ ಮಾಡದಿರಲಿ ಅಂತಲೋ ಏನೋ, ಮೇಜಿನ ಮೇಲಿದ್ದ ಅಕ್ಕನ ಕತ್ತರಿ ತೆಗೆದುಕೊಂಡು ಎರಡು ತುದಿಯ ಪ್ಲಗ್ಗನ್ನೂ ಕಚಕ್ ಅಂತ ಕತ್ತರಿಸಿದೆ. "ಮುಂದಿನ ವಾರ ಒಳ್ಳೇ ವೈರು ನಾನೇ ತರ್ತೀನಿ" ಅಂದೆ. ಊಟಕ್ಕೆ ಕೂತೆವು. ಭಾವ ಅರ್ಧ ಮುದ್ದೆಗೇ ಕೈ ತೊಳೆದರು. ಸೋತ ಬೇಜಾರು, ನಾಳೆಗೆ ಸರಿಹೋಗುತ್ತಾರೆ ಅಂದುಕೊಂಡು ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಮುಂದಿನ ಭಾನುವಾರ ನಾನೊಬ್ಬನೇ ಹೋದೆ. ಪಾಂಡವಪುರದ ಅಂಗಡಿಯಿಂದ ಸೀಲು ಒಡೆಯದ ಹೊಸ ವೈರು ತಂದಿದ್ದೆ. ಭಾವ ಗದ್ದೆಯ ಕಡೆ ಹೋಗಿದ್ದರು. ಅಕ್ಕ ಹಿತ್ತಲಲ್ಲಿದ್ದಳು. ನಡುಮನೆಯಲ್ಲಿ ನಾನೊಬ್ಬನೇ. ಹೊಸ ವೈರು ಸಿಕ್ಕಿಸಿದೆ. ಹಸಿರು ದೀಪ ಹತ್ತಿತು, ಹೋದ ವಾರ ಹತ್ತಿದ ಹಾಗೆಯೇ. ಪಿಂಗ್ ಮಾಡಿದೆ. "ಓ" ಬರಲಿಲ್ಲ.

ಹಳೆಯ ಕಂಪ್ಯೂಟರಿನ ನಂಬರನ್ನು ತೆರೆದು ಬೆರಳಿಟ್ಟು ಓದಿದೆ. ನೂರ ತೊಂಬತ್ತೆರಡು, ನೂರ ಅರವತ್ತೆಂಟು, ಒಂದು, ಒಂದು. ಸರಿ. ಹೊಸದರ ನಂಬರನ್ನು ತೆರೆದೆ. ನೂರ ತೊಂಬತ್ತೆರಡು, ನೂರ ಎಂಬತ್ತಾರು.

ನೂರ ಅರವತ್ತೆಂಟು ಇರಬೇಕಾದ ಕಡೆ ನೂರ ಎಂಬತ್ತಾರು. ಆರು ಎಂಟನ್ನು ಹಿಂದುಮುಂದಾಗಿ ಒತ್ತಿದ್ದೆ. ಹೋದ ವಾರ ಇಡೀ ಬೆಳಿಗ್ಗೆ ಆ ನಂಬರು ನನ್ನ ಕಣ್ಣ ಮುಂದೆಯೇ ಇತ್ತು. ಹೀಗೆ ಅಂಕಿ ತಿರುಗಿಸಿ ಬರೆದ ಮಕ್ಕಳಿಗೆ, "ಕಣ್ಣು ಎಲ್ಲಿಟ್ಟಿದ್ದೆ?" ಅಂತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪೇಪರು ವಾಪಸು ಕೊಡುವವನು ನಾನು.

ತಿದ್ದಿದೆ. ಪಿಂಗ್ ಮಾಡಿದೆ. ನಾಲ್ಕು ಸಲ ಕರೆದದ್ದಕ್ಕೆ ನಾಲ್ಕು ಸಲವೂ ಉತ್ತರ ಬಂತು. ಆಮೇಲೆ ಅಕ್ಕನ ಫೋಲ್ಡರು ತೆರೆದು ಎಳೆದೆ. ರವಿಕೆಗಳು ಒಂದೊಂದಾಗಿ ದಾಟತೊಡಗಿದವು. ಆಗ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದಳು. ಪರದೆಯ ಮೇಲೆ ಹಸಿರು ಪಟ್ಟಿ ಓಡುತ್ತಿರುವುದನ್ನು ನೋಡಿ ಅವಳ ಮುಖ ಅರಳಿತು.

"ಬಂತೇನ್ಲಾ! ಹೊಸ ವೈರು ಹಾಕ್ದೇಟ್ಗೇ ಬಂದ್ಬುಡ್ತಾ?"

"ಹೂಂ" ಅಂದೆ.

ಅಷ್ಟೇ. ಒಂದೇ ಅಕ್ಷರ. ಅದನ್ನು ಹೇಳಲು ನಾನು ಯೋಚನೆಯನ್ನೂ ಮಾಡಲಿಲ್ಲ. ಮೊದಲ ಭಾನುವಾರದ್ದನ್ನು ನನ್ನ ದಡ್ಡತನ, ಜಂಬ ಅಂತ ಹೇಳಿಕೊಳ್ಳಬಹುದು. ಈ "ಹೂಂ"ಗೆ ನನ್ನ ಹತ್ತಿರ ಅಂಥ ಯಾವ ಹೆಸರೂ ಇಲ್ಲ. ಅದು ಸುಳ್ಳು.

ಭಾವ ಗದ್ದೆಯಿಂದ ಬಂದರು. ಅಕ್ಕ ಬಾಗಿಲಲ್ಲೇ, "ನೋಡಿ, ವೈರಿಂದೇ ಅಂತೆ. ಅಂಗ್ಡಿ ವೈರು ಹಾಕ್ದ, ಆಯ್ತು" ಅಂದಳು. ಭಾವ ಕಾಲು ತೊಳೆಯುತ್ತಾ, "ಆಯ್ತಲ್ಲ, ಒಳ್ಳೇದಾಯ್ತು ಬುಡು" ಅಂದರು. ನಾನು ಪರದೆಯ ಕಡೆ ತಿರುಗಿಕೊಂಡೆ.

ಒಂದೆರಡು ತಿಂಗಳ ಮೇಲೆ ಅಕ್ಕ ಫೋನಿನಲ್ಲಿ ಬೇರೆ ಏನೋ ಮಾತಿನ ನಡುವೆ ಹೇಳಿದಳು. ಡೈರಿಯ ಕೆಲಸವನ್ನು ಸೆಕ್ರೆಟರಿ ಕೆ.ಆರ್.ಪೇಟೆಯವರಿಗೆ ಕೊಟ್ಟರಂತೆ. ಭಾವನೇ ಹೇಳಿದರಂತೆ, "ನನ್ ಕೈಲಿ ಆಗಲ್ಲ, ಬೇರೆಯೋರ್ಗೆ ಕೊಡಿ" ಅಂತ. ಆಮೇಲಿನ ಸಲ ಇನ್ನೊಂದು ಸುದ್ದಿ. ಎದುರು ಮನೆಯವರು ಸ್ವಿಚ್ಚು ಹಾಕಿಕೊಡಿ ಅಂತ ಬಂದರೆ ಕೈ ನಡುಗುತ್ತದೆ ಅಂತ ವಾಪಸು ಕಳಿಸಿದರಂತೆ. ಇಕ್ಕಳ, ಟೆಸ್ಟರು, ಹಗ್ಗ, ಎಲ್ಲವನ್ನೂ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದರಂತೆ.

"ನಡುಗ್ತದಾ ನಿಜವಾಗ್ಲೂ?" ಅಂತ ಕೇಳಿದೆ.

"ನನ್ ಕಣ್ಗೇನ್ ಕಾಣಾಕಿಲ್ಲ ಕಣಪ್ಪ. ಮಂಡ್ಯದಲ್ಲಿ ಡಾಕ್ಟರಿಗೂ ತೋರ್ಸ್ದೋ. ಏನೂ ಇಲ್ಲ ಅಂದ್ರು. ಇವ್ರು ನಂಬಾಕಿಲ್ಲ. 'ಅವ್ನು ಓದ್ದೋನು, ಸುಮ್ಸುಮ್ನೆ ಹೇಳ್ತಾನಾ' ಅಂತಾರೆ."

ಅವ್ನು ಅಂದರೆ ನಾನು. ಫೋನು ಇಟ್ಟ ಮೇಲೆ ಬಹಳ ಹೊತ್ತು ಆ ಮಾತು ಕಿವಿಯಲ್ಲೇ ಇತ್ತು. ಆವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ಸಲ ಹೋದಾಗ ಹೇಳೋಣ ಅಂದುಕೊಂಡೆ. ಹೋಗಿ ಬಂದೆ, ಹೇಳಲಿಲ್ಲ. ಹಾಗೆ ಎರಡು ವರ್ಷ ಹೋಯಿತು. ಹಬ್ಬಗಳಲ್ಲಿ ಭಾವ ಜಗಲಿಯ ಮೂಲೆಯಲ್ಲಿ ಕೂತಿರುತ್ತಿದ್ದರು. ಮೊದಲಾದರೆ ಕೂತವರೇ ಅಲ್ಲ. ಅವರನ್ನು ನೋಡಿದರೆ ನನಗೆ ಕಸಿವಿಸಿಯಾಗಿ, ಬೇಗ ಹೊರಡಲು ಏನಾದರೂ ನೆಪ ಹುಡುಕುತ್ತಿದ್ದೆ.

ಒಂದು ಸಲ ಅಕ್ಕ ಭಾವ ಇಬ್ಬರೂ ನಮ್ಮ ಗಂಜಾಂನ ನಿಮಿಷಾಂಬೆ ಗುಡಿಗೆ ಹಣ್ಣುಕಾಯಿ ಮಾಡಿಸಲು ಬಂದವರು ನಮ್ಮ ಮನೆಗೆ ಬಂದರು. ಹೆಂಡತಿ ಕಾಫಿ ತಂದಳು. ಭಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಮಕ್ಕಳು ಹಿಡಿಯುವ ಹಾಗೆ. ಕಾಫಿಯ ಮೇಲ್ಮೈ ನಿಶ್ಚಲವಾಗಿತ್ತು. ಒಂದು ಸಣ್ಣ ಅಲೆಯೂ ಇಲ್ಲ. ಆದರೂ ಅವರು ಬಿಗಿಯಾಗಿ, ಎಚ್ಚರದಿಂದ, ಚೆಲ್ಲಿಬಿಡುತ್ತೇನೆ ಅನ್ನುವ ಭಯದಲ್ಲಿ ಕುಡಿದರು. ಅವರು ಹೋದ ಮೇಲೆ ಹೆಂಡತಿ ಲೋಟ ತೊಳೆಯುತ್ತಾ, "ಆ ಕಂಪ್ಯೂಟರ್ ವೈರಿನ ದಿನದಿಂದ ಇಳಿದುಹೋದ್ರು ಅಲ್ವಾ ನಿಮ್ಮ ಭಾವ" ಅಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ಹೊರಗೆ ಹೋಗಿ ಹೊಳೆಯ ಕಡೆ ಸ್ವಲ್ಪ ದೂರ ನಡೆದೆ. ವಾಪಸು ಬಂದು ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬಯ್ಯಲಿಲ್ಲ. "ಇನ್ನೂ ಯಾಕೆ ಇಲ್ಲಿ ನಿಂತಿದ್ದೀರಿ?" ಅಂದಳು.

ಮರುದಿನ ಶಾಲೆಗೆ ರಜೆ ಹಾಕಿ ಶೀಳನೆರೆಗೆ ಹೋದೆ. ಹೊರಡಲು ಮೀನಮೇಷ ಎಣಿಸಿ ಮುಟ್ಟುವಾಗ ನಾಲ್ಕೂವರೆ ಗಂಟೆ. ಭಾವ ಜಗಲಿಯಲ್ಲಿದ್ದರು. ಅಕ್ಕ ಒಳಗೆ ಮಿಷನ್ನು ತುಳಿಯುತ್ತಿದ್ದಳು. ನಾನು ಕೂರಲಿಲ್ಲ. ಕೂತರೆ ಮಾತು ಬೇರೆ ಕಡೆ ಹೋಗುತ್ತದೆ ಅಂತ ಗೊತ್ತಿತ್ತು.

"ಭಾವ, ಆವತ್ತು ನಿಮ್ಮ ವೈರು ಸರಿಯಾಗಿತ್ತು. ನಂಬರು ನಾನೇ ತಪ್ಪು ಹಾಕಿದ್ದೆ. ಹೊಸ ವೈರಲ್ಲೂ ಬರಲಿಲ್ಲ. ಆಮೇಲೆ ನೋಡಿ ತಿದ್ದಿದೆ. ಅಕ್ಕನಿಗೆ ಸುಳ್ಳು ಹೇಳಿದೆ."

ಅವರಿಗೆ ಮೊದಲು ಅರ್ಥವಾಗಲಿಲ್ಲ. "ಯಾವ ವೈರು?" ಅಂದರು. ನಾನು ಮತ್ತೆ ಹೇಳಿದೆ. ಈ ಸಲ ನಿಧಾನವಾಗಿ ಹೇಳಬೇಕಾಯಿತು, ಅದು ಇನ್ನೂ ಕಷ್ಟವಾಯಿತು. ಒಳಗೆ ಮಿಷನ್ನಿನ ಸದ್ದು ನಿಂತಿತು.

"ದೀಪ ಹತ್ತಿತ್ತಾ?" ಅಂತ ಕೇಳಿದರು.

"ಹತ್ತಿತ್ತು."

"ನೀನು ನೋಡ್ದಾ?"

"ನೋಡಿದೆ."

ನಾನು ಏನೇನೋ ಎಣಿಸಿಕೊಂಡು ಹೋಗಿದ್ದೆ. ನಗುತ್ತಾರೆ, "ಹೋಗ್ಲಿ ಬುಡ್ಲಾ" ಅನ್ನುತ್ತಾರೆ, ಇಬ್ಬರೂ ಹಗುರಾಗುತ್ತೇವೆ ಅಂತ. ಭಾವ ನಗಲಿಲ್ಲ. ಎದ್ದು ನಿಂತರು. ಅವರ ಕುತ್ತಿಗೆಯ ನರ ಉಬ್ಬಿತ್ತು.

"ಎಲ್ಡು ವರ್ಸ ಕಣ್ಲಾ. ಎಲ್ಡು ವರ್ಸ ಬೆಳಿಗ್ಗೆ ಎದ್ದೇಟ್ಗೆ ಈ ಕೈ ನೋಡ್ಕೊಂಡಿವ್ನಿ. ನಡುಗ್ತದಾ, ನಡುಗ್ತದಾ ಅಂತ. ನೋಡ್ತಾ ನೋಡ್ತಾ ನಡುಗ್ದಂಗೇ ಕಾಣದು. ಕಂಬದ ಮ್ಯಾಲೆ ಮೂವತ್ತು ವರ್ಸ ನಿಂತೋನು, ಅಟ್ಟದ ಏಣಿ ಹತ್ತಕ್ಕೆ ಹೆದ್ರುಕೊಂಡಿವ್ನಿ. ನಿನ್ ಮರ್ವಾದೆ ಉಳೀಲಿ ಅಂತ ನನ್ ಕೈ ತಗದ್ಯಲ್ಲೋ!"

ನಾನು ತಲೆ ತಗ್ಗಿಸಿ ನಿಂತೆ. "ತಪ್ಪಾಯ್ತು ಭಾವ" ಅಂದೆ. ಆ ಮಾತು ಎಷ್ಟು ಸಣ್ಣದು ಅನ್ನುವುದು ಬಾಯಿಂದ ಹೊರಬಂದ ಮೇಲೆ ಗೊತ್ತಾಯಿತು.

"ನನ್ ಹತ್ರ ಅಲ್ಲ. ಯಾರ ಮುಂದೆ ಹೇಳಿದ್ದೆ? ಸೆಕ್ರೆಟರಿ ಮುಂದೆ ಹೇಳಿದ್ದೆ. ನಡಿ ಅಲ್ಗೆ."

ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು. ತಡೆಯುತ್ತಾಳೇನೋ ಅಂತ ಅವಳ ಕಡೆ ನೋಡಿದೆ. ಅವಳು ಮುಖ ಆಚೆ ತಿರುಗಿಸಿದಳು.

ನಾವು ಡೈರಿಗೆ ಹೋಗುವ ಹೊತ್ತಿಗೆ ಸಂಜೆಯ ಹಾಲು ಶುರುವಾಗಿತ್ತು. ಕ್ಯಾನು, ಚೊಂಬು ಹಿಡಿದು ಹದಿನೈದಿಪ್ಪತ್ತು ಜನ ಸಾಲಿನಲ್ಲಿದ್ದರು. ಹೆಂಗಸರೇ ಹೆಚ್ಚು. ಸೆಕ್ರೆಟರಿಯನ್ನು ಪಕ್ಕಕ್ಕೆ ಕರೆದು ಹೇಳೋಣ ಅಂತ ನಾನು ಮುಂದೆ ಹೋದೆ. ಭಾವ ತಡೆದರು. "ಇಲ್ಲೇ ಹೇಳು" ಅಂದರು.

ಹೇಳಿದೆ. ದನಿ ಮೇಲೇಳಲಿಲ್ಲ. ಹಿಂದೆ ನಿಂತಿದ್ದ ಒಬ್ಬರು, "ಏನಂತೆ? ಕೇಳುಸ್ನಿಲ್ಲ" ಅಂದರು. ಇನ್ನೊಮ್ಮೆ ಜೋರಾಗಿ ಹೇಳಬೇಕಾಯಿತು. ನಾನು ಕಂಪ್ಯೂಟರ್ ಮೇಷ್ಟ್ರು, ನಂಬರು ತಪ್ಪು ಹಾಕಿದೆ, ಆ ತಪ್ಪನ್ನು ವೈರಿನ ಮೇಲೆ ಹಾಕಿದೆ, ಭಾವನ ಕೈ ನಡುಗುತ್ತದೆ ಅಂದದ್ದು ಸುಳ್ಳು. ಸಾಲಿನಲ್ಲಿದ್ದ ಒಬ್ಬ ಹೆಂಗಸು ಸೆರಗು ಬಾಯಿಗೆ ಹಿಡಿದು ನಕ್ಕರು. ನಗುವಂಥದೇ. ಸೆಕ್ರೆಟರಿ ಹಾಲು ಅಳೆಯುವುದನ್ನು ನಿಲ್ಲಿಸಿ ಕಕ್ಕಾಬಿಕ್ಕಿಯಾಗಿ, "ಅಯ್ಯೋ ಮೇಷ್ಟ್ರೇ, ಅದ್ಕೆ ಇಲ್ಲೀಗಂಟ ಬರ್ಬೇಕಿತ್ತಾ? ಬುಡಿ ಅತ್ಲಾಗೆ" ಅಂದರು.

"ಬುಡೋದಲ್ಲ" ಅಂದರು ಭಾವ. ಎಲ್ಲರ ಕಡೆ ತಿರುಗಿ ಬಲಗೈ ಚಾಚಿದರು. "ನನ್ ಕೈ ನೆಟ್ಗದೆ. ತಿಳ್ಕೊಳಿ."

ಸಾಲಿನಲ್ಲಿದ್ದ ಒಬ್ಬ ಮುದುಕಿ, ಇವರ ದಾಯಾದಿಗಳ ಕಡೆಯವಳಂತೆ, "ಅಂಗಾದ್ರೆ ನಾಳೀಕ್ ಬಂದು ನಮ್ಮನೆ ಲೈಟ್ ಹಾಕ್ಕೊಡಪ್ಪ, ಒಂದ್ ತಿಂಗ್ಳಾಯ್ತು ಕತ್ಲೇಲಿ ಇವ್ನಿ" ಅಂದಳು. ಈಗ ನಗು ಎಲ್ಲ ಕಡೆಯಿಂದ ಬಂತು, ಆದರೆ ಭಾವ ನಗಲಿಲ್ಲ. "ಬತ್ತೀನಿ" ಅಂದರು, ಗಂಭೀರವಾಗಿ.

ಮನೆಗೆ ವಾಪಸು ಬರುವಾಗ ಅವರು ಮುಂದೆ, ನಾನು ಹಿಂದೆ. ಅಕ್ಕ ಕಾಫಿ ಕೊಡಲಿಲ್ಲ. ಚೀಲ ಎತ್ತಿಕೊಂಡಾಗ ಬಾಗಿಲವರೆಗೆ ಬಂದಳು. "ಅವ್ರಿಗ್ ಮಾಡಿದ್ದು ಅವ್ರಿಗಾಯ್ತು. ನಾನ್ ಕೇಳ್ದಾಗ 'ಹೂಂ' ಅಂದ್ಯಲ್ಲ, ನಾನೇನ್ ಮಾಡಿದ್ದೆ ನಿಂಗೆ? ಎರಡು ವರ್ಸ ನನ್ ಕಣ್ಗೆ ನಡುಕ ಕಾಣ್ದಿದ್ರೂ ನನ್ ಗಂಡುಂಗೆ ನಾನೇ 'ಕೈಯಾಗಾಕಿಲ್ಲ ಬುಡಿ' ಅಂತ ಹೇಳ್ಕೊಂಡ್ ಬಂದೆ, ನಿನ್ ಮಾತ್ ನಂಬ್ಕೊಂಡು" ಅಂದಳು. ನಾನು ಮೆಟ್ಟಿಲಿಳಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಚಿನಕುರಳಿಯವರೆಗೆ ಮುಖ ಒಳಗೆ ತಿರುಗಿಸಲಿಲ್ಲ.

ಆ ಮುದುಕಿಯ ಮನೆಯ ಲೈಟನ್ನು ಮರುದಿನವೇ ಹಾಕಿಕೊಟ್ಟರಂತೆ. ಇದನ್ನು ಹೇಳಿದ್ದು ಅಕ್ಕ, ಐದಾರು ವಾರದ ಮೇಲೆ, ನಾನೇ ನಾಲ್ಕನೇ ಸಲ ಫೋನು ಮಾಡಿದಾಗ. ಮೂಟೆ ಅಟ್ಟದಿಂದ ಇಳಿಯಿತಂತೆ. ಆದರೆ ಎಲ್ಲವೂ ಮೊದಲಿನ ಹಾಗಾಯಿತು ಅಂತ ಹೇಳಲಾರೆ. ಎರಡು ವರ್ಷದಲ್ಲಿ ಊರು ಬೇರೆಯವರನ್ನು ಕರೆಯಲು ಕಲಿತುಬಿಟ್ಟಿತ್ತು. ಮೊದಲು ದಿನಕ್ಕೆ ಇಬ್ಬರು ಮೂವರು ಬರುತ್ತಿದ್ದ ಕಡೆ ಈಗ ವಾರಕ್ಕೊಬ್ಬರು ಬರುತ್ತಾರೆ. ಭಾವನಿಗೂ ಅಷ್ಟು ಸಮಯದಲ್ಲಿ ಮಂಡಿ ಹಿಡಿದುಕೊಂಡಿದೆ, ಎತ್ತರ ಹತ್ತುವುದಿಲ್ಲ. ಹತ್ತಬಹುದಾಗಿದ್ದ ಎರಡು ವರ್ಷ ಜಗಲಿಯಲ್ಲಿ ಕಳೆದುಹೋಯಿತು. ಅದನ್ನು ಯಾವ ಡೈರಿಯ ಮುಂದೆ ನಿಂತು ಹೇಳಿದರೂ ವಾಪಸು ಕೊಡಲು ಆಗುವುದಿಲ್ಲ.

ನನ್ನ ಜೊತೆ ಅವರು ಮಾತು ಬಿಟ್ಟಿಲ್ಲ. ಹೋದರೆ ಬನ್ನಿ ಅನ್ನುತ್ತಾರೆ. ಹೌದು, 'ಬನ್ನಿ'. ನನಗೆ ಹನ್ನೆರಡು ವರ್ಷ ಆದಾಗಿನಿಂದ 'ಬಾರ್ಲಾ, ಕೂತ್ಕಳ್ಲಾ' ಅನ್ನುತ್ತಿದ್ದ ಬಾಯಿ ಈಗ ಬಹುವಚನ ಹಿಡಿದಿದೆ. ಮೊದಲ ಸಲ ಹಾಗೆ ಕರೆದಾಗ ತಮಾಷೆ ಅಂದುಕೊಂಡೆ. ಅಲ್ಲ.

ಹೋದ ಯುಗಾದಿಗೆ ನಾನು, ಹೆಂಡತಿ ಶೀಳನೆರೆಗೆ ಹೋಗಿದ್ದೆವು. ಅಕ್ಕನ ಕಂಪ್ಯೂಟರಿನ ಮೇಲೆ ಒಂದು ಹೊಸ ಪ್ರಿಂಟರು ಕೂತಿತ್ತು. ಜೋಡಿಸಿದ್ದು ಯಾರು ಅಂತ ಕೇಳಿದೆ. ಪೇಟೆಯಿಂದ ಒಬ್ಬರನ್ನು ಮನೆಗೇ ಕರೆಸಿ, ತಾನು ಪಕ್ಕದಲ್ಲೇ ಕೂತು ಮಾಡಿಸಿದೆ ಅಂದಳು ಅಕ್ಕ. ನನ್ನನ್ನು ಕರೆಯಲಿಲ್ಲ ಯಾಕೆ ಅಂತ ನಾನು ಕೇಳಲಿಲ್ಲ. ಅಷ್ಟರಲ್ಲಿ ಹಿಂದಿನ ಬೀದಿಯವರು ಯಾರೋ ಬಂದು ಗ್ರೈಂಡರು ತಿರುಗುತ್ತಿಲ್ಲ, ಹಬ್ಬದ ಹೂರಣ ಅರೆಯುವುದು ನಿಂತಿದೆ ಅಂದರು. ಭಾವ ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಮಂಡಿ ಒತ್ತಿಕೊಂಡು ಎದ್ದರು.

"ನಾನೂ ಬರ್ಲಾ ಭಾವ?" ಅಂದೆ.

"ಬ್ಯಾಡಿ, ನೀವು ಊಟ ಮಾಡಿ" ಅಂತ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು. ನಾನು ಎಲೆಯ ಮುಂದೆ ಕೂತೆ. ಅಕ್ಕ ಒಬ್ಬಟ್ಟು ಬಡಿಸಿದಳು, ತುಪ್ಪ ಹಾಕಿದಳು. ಅವರು ಬರುವವರೆಗೆ ಕಾಯೋಣ ಅಂತ ನಾನು ಎಲೆಯ ಮೇಲೆ ಕೈಯಿಡದೆ ಕೂತೇ ಇದ್ದೆ.